ಹನ್ನೆರಡು ಕತೆಗಳಿಗೆ ಕೊನೆ ಹುಡುಕಿದ್ದು

ಸಂಪಾದಕರು ನನ್ನ ನೋಟ್‌ಬುಕ್ಕನ್ನು ವಾಪಸು ಕೊಟ್ಟಾಗ ಅದರಲ್ಲಿ ಹನ್ನೆರಡು ಕಡೆ ಕೆಂಪು ಶಾಯಿಯಲ್ಲಿ ಒಂದೇ ಮಾತು ಬರೆದಿದ್ದರು. ‘ಮುಂದೇನು?’ ಹನ್ನೆರಡು ಕತೆ, ಪ್ರತಿ ಕತೆಯ ಕೆಳಗೂ ಅದೇ ಪ್ರಶ್ನೆ. ಮೊದಲನೆಯದನ್ನು ನೋಡಿದಾಗ, ಅವರಿಗೆ ಕತೆ ಹಿಡಿಸಿದೆ, ಇನ್ನಷ್ಟು ಬೇಕೆನ್ನುತ್ತಿದ್ದಾರೆ ಎಂದು ಹಿಗ್ಗಿದೆ. ಐದನೆಯದಕ್ಕೆ ಬರುವಷ್ಟರಲ್ಲಿ ಹಿಗ್ಗು ಇಳಿಯಿತು.

“ಯಜಮಾನರೇ, ಒಂದು ಕತೆಗೂ ಕೊನೆ ಇಲ್ಲವಲ್ಲ” ಎಂದರು.

“ಇಲ್ಲ ಅಂದ್ರ? ಐತ್ರಿ.”

“ಎಲ್ಲಿದೆ?”

“ಹೇಳುವಾಗ ಬರ್ತೈತ್ರಿ. ಬರಿಯುವಾಗ ನೆನಪಾಗೂದಿಲ್ಲ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಮಗಳಿರುವ ಈ ತೆಲುಗು ಊರಿನ ಕನ್ನಡ ಸಂಘದವರು ವರ್ಷಕ್ಕೊಂದು ಸಣ್ಣ ಪುಸ್ತಕ ತರುತ್ತಾರೆ, ಅದನ್ನು ನೋಡಿಕೊಳ್ಳುವವರು ಇವರೇ. “ದಸರಾ ಮುಗಿಯುವುದರೊಳಗೆ ಹನ್ನೆರಡು ಕೊನೆ ನನ್ನ ಕೈಗೆ ಬರಬೇಕು. ಇಲ್ಲದಿದ್ದರೆ ಈ ಸಲ ಬೇರೊಬ್ಬರ ಪದ್ಯದ ಪುಸ್ತಕ ಮಾಡುತ್ತೇವೆ. ಅವರದು ಮುಗಿದಿದೆ” ಎಂದರು. ಕೊನೆಯ ಮಾತನ್ನು ಸ್ವಲ್ಪ ಒತ್ತಿಯೇ ಹೇಳಿದರು.

ನಾನು ಮೂರನೇ ಇಯತ್ತೆವರೆಗೆ ಕಲಿತವನು. ಬಿಜಾಪುರ ಕಡೆಯ ಒಂದು ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡಿದೆ. ಪುಸ್ತಕ ಬರೆಯುತ್ತೇನೆ ಎಂದು ಕನಸಿನಲ್ಲೂ ಅಂದುಕೊಂಡವನಲ್ಲ. ಇದಕ್ಕೆಲ್ಲ ಕಾರಣ ನನ್ನ ಮೊಮ್ಮಗಳು. ಯುಗಾದಿಗೆ ಸಂಘದವರೆಲ್ಲ ಒಂದು ಹಾಲಿನಲ್ಲಿ ಸೇರಿದ್ದೆವು. ಊಟ ತಡವಾಗಿತ್ತು, ಮಕ್ಕಳು ಗದ್ದಲ ಎಬ್ಬಿಸಿದ್ದವು. ನಾಲ್ಕು ವರ್ಷ ತುಂಬದ ಈ ಹುಡುಗಿ ಹೋಗಿ ಮೈಕಿನ ಮುಂದೆ ನಿಂತು, “ನಮ್ಮ ಮುತ್ಯಾ ಕತಿ ಹೇಳ್ತಾನ” ಎಂದುಬಿಟ್ಟಳು. ನಮ್ಮ ಕಡೆ ಅಜ್ಜನಿಗೆ ಮುತ್ಯಾ, ಅಜ್ಜಿಗೆ ಆಯಿ. ಅಷ್ಟು ಮಂದಿಯ ಎದುರು ಅಷ್ಟು ಸ್ಪಷ್ಟವಾಗಿ ಸಂಘದ ಅಧ್ಯಕ್ಷರು ಕೂಡ ಮಾತಾಡಿರಲಿಲ್ಲ. ಅವಳ ಆ ಮಾತಿಗೆ ನಾನು ಎದ್ದು ನಿಂತೆ, ಹೇಳಿದೆ. ಮಕ್ಕಳು ಸುಮ್ಮನಾದವು. ಕತೆ ಇನ್ನೇನು ಮುಗಿಯಬೇಕು ಎನ್ನುವಾಗ ಎಲೆ ಹಾಕಿದರು, ಎಲ್ಲರೂ ಊಟಕ್ಕೆ ಎದ್ದರು. ಕೊನೆ ಕೇಳದೆಯೇ ಸಂಪಾದಕರು ಬಂದು, “ಇಂಥವು ಇನ್ನೂ ಎಷ್ಟಿವೆ?” ಎಂದು ಕೇಳಿದರು. “ಹನ್ನೆರಡು ಇರಬಹುದ್ರಿ” ಎಂದೆ. ಅಲ್ಲಿಂದ ಶುರುವಾಯಿತು.

ಮುಂದಿನ ವರ್ಷ ಅವಳು ಸಾಲೆಗೆ ಹೋಗುತ್ತಾಳೆ. ಅಲ್ಲಿ ಇಂಗ್ಲಿಷು, ತೆಲುಗು, ಹಿಂದಿ. ಕನ್ನಡಕ್ಕೆ ಆ ಸಾಲೆಯಲ್ಲಿ ಜಾಗವಿಲ್ಲ. ಅಷ್ಟರೊಳಗೆ ಅವಳ ಕೈಯಲ್ಲಿ ನಮ್ಮ ಅಕ್ಷರದ ಒಂದು ಪುಸ್ತಕ ಇಡಬೇಕು, ಅದು ಅವಳ ಮುತ್ಯಾನದೇ ಆಗಿರಬೇಕು ಎನ್ನುವ ಆಸೆ ನನಗೆ ಹತ್ತಿತು. ಮೂರನೇ ಇಯತ್ತೆಯವನಿಗೆ ಸಣ್ಣ ಆಸೆಯಲ್ಲ ಅದು. ಆದರೆ ಹತ್ತಿದ ಮೇಲೆ ಇಳಿಯಲಿಲ್ಲ.

ಕತೆ ನನಗೆ ಹೇಗೆ ಹುಟ್ಟುತ್ತದೆ ಎಂದು ಸಂಘದ ಒಬ್ಬರು ಕೇಳಿದ್ದರು. ಮಿಲ್ಲಿನಲ್ಲಿ ನನ್ನ ಕೆಲಸ ಮಷಿನ್ನಿಗೆ ಹತ್ತಿ ಉಣಿಸುವುದು. ಅರಳೆ ಒಂದು ಕಡೆ ಬೀಳುತ್ತದೆ, ಕಾಳು ಕೆಳಗೆ ಉದುರುತ್ತದೆ. ಸಪ್ಪಳ ಎಂದರೆ ಪಕ್ಕದವನು ಕೂಗಿದರೂ ಕೇಳುವುದಿಲ್ಲ. ಹತ್ತು ತಾಸು ಮಾತಿಲ್ಲದೆ ನಿಂತರೆ ತಲೆ ತಾನೇ ಮಾತಾಡಲು ಶುರು ಮಾಡುತ್ತದೆ. ಅಲ್ಲಿ ಕಂಡ ಬುಟ್ಟಿ, ಇಲಿ, ಬಾಗಿಲ ಮೂಲೆಯ ಕಸಬರಿಗೆ ಎಲ್ಲಕ್ಕೂ ಬಾಯಿ ಬರುತ್ತಿತ್ತು. ಸಂಜೆ ಮನೆಗೆ ಬಂದು, ರೆಪ್ಪೆಗೆ ಹತ್ತಿದ ಅರಳೆ ತೊಳೆದುಕೊಂಡು, ಮಗಳನ್ನು ಜೋಳಿಗೆಯಲ್ಲಿ ಹಾಕಿ ತೂಗುತ್ತಾ ಹೇಳುತ್ತಿದ್ದೆ. ಅವಳು ಮಲಗುತ್ತಿದ್ದಳು. ನನ್ನ ಹೆಂಡತಿಗೆ ಅಷ್ಟು ಹೊತ್ತಿಗೆ ರೊಟ್ಟಿ ಬಡಿಯುವ ಕೆಲಸ. ಒಂದು ಖಾನಾವಳಿಗೆ ದಿನಾ ರೊಟ್ಟಿ ಮಾಡಿಕೊಡುತ್ತಿದ್ದಳು, ಕೈ ಹಿಟ್ಟಿನಲ್ಲೇ ಇರುತ್ತಿತ್ತು. ಹಾಗಾಗಿ ಮಗು ಮಲಗಿಸುವುದು ನನ್ನ ಪಾಲಿಗೆ.

ಆ ಮಗಳೇ ಈಗ ಇಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಮನೆ ಕೂಕಟ್‌ಪಲ್ಲಿಯಲ್ಲಿ, ಮೂರನೇ ಮಹಡಿ. ಆಫೀಸು ಗಚ್ಚಿಬೌಲಿಯಲ್ಲಿ. ಮುಂಜಾನೆ ಕಂಪನಿಯ ಕ್ಯಾಬು ಗೇಟಿಗೆ ಬಂದು ಕರೆದೊಯ್ಯುತ್ತದೆ. ಅಳಿಯಂದಿರದೂ ಅದೇ ಕೆಲಸ, ಬೇರೆ ಕಂಪನಿ. ಮೊಮ್ಮಗಳು ಹುಟ್ಟಿದಾಗ ಆರು ತಿಂಗಳಿಗೆಂದು ಬಂದ ನಾವು ಇಲ್ಲೇ ಉಳಿದೆವು.

ಇಲ್ಲಿ ಬಂದ ಮೇಲೆ ನನಗೆ ಕತೆ ಹುಟ್ಟುವುದು ನಿಂತುಹೋಗಿತ್ತು. ಮನೆಯಲ್ಲಿ ಸದ್ದೇ ಇಲ್ಲ. ಒಂದು ದಿನ ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ಒಗೆಯುವ ಮಷಿನ್ನು ತಿರುಗುತ್ತಿತ್ತು, ನಾನು ಸುಮ್ಮನೆ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದೆ. ಅದು ಕೊನೆಗೆ ಗಿರಗಿರನೆ ಹಿಂಡಲು ಶುರು ಮಾಡಿದಾಗ ತಲೆಯೊಳಗೆ ಒಂದು ಕಪ್ಪೆ ಬಂದು ಕೂತಿತು. ಅಂದಿನಿಂದ ಅದು ನನ್ನ ಬರೆಯುವ ಜಾಗ. ಹೆಂಡತಿಗೆ ಇದು ಸೇರಲಿಲ್ಲ.

“ಅರಿವಿ ಇಲ್ದ ಖಾಲಿ ಮಷಿನ್ ತಿರುಗಿಸಬ್ಯಾಡ್ರಿ. ನಿಮ್ಮ ಕತಿ ತೊಯ್ಸಾಕ ಅಲ್ಲ ಅದು.”

“ಹಂಗಾದ್ರ ದಿನಾ ಅರಿವಿ ಕೊಡು.”

“ದಿನಾ ಒಗದು ಒಗದು ನನ್ನ ಸೀರಿ ಮೊಮ್ಮಗಳ ಲಂಗ ಆಗೇತಿ.”

ಇಷ್ಟೆಲ್ಲ ಅವಸ್ಥೆ ಪಟ್ಟು, ಒಂದೊಂದು ಅಕ್ಷರ ಕೂಡಿಸಿ, ಮೂರು ತಿಂಗಳು ಬರೆದದ್ದು ಆ ನೋಟ್‌ಬುಕ್ಕು. ಅದಕ್ಕೆ ಈಗ ಹನ್ನೆರಡು ‘ಮುಂದೇನು?’

ಮೊದಲು ನಾನು ಮಾಡಿದ ಕೆಲಸ ಸುಲಭದ್ದು. ಹನ್ನೆರಡಕ್ಕೂ ‘ಮದುವೆಯಾಗಿ ಸುಖವಾಗಿದ್ದರು’ ಎಂದು ಬರೆದು ಕಳಿಸಿದೆ. ಮೂರನೇ ದಿನ ಸಂಪಾದಕರ ಫೋನು ಬಂತು.

“ಯಜಮಾನರೇ, ಕಪ್ಪೆಗೂ ಬಾವಿಯ ರಾಟೆಗೂ ಮದುವೆ ಮಾಡಿಸಿದ್ದೀರಿ.”

“ಜಗಳ ಆಡಿ ಆಡಿ ಒಂದಾದ್ರು ಅಂತ್ರಿ.”

“ರಾಟೆ ಕಬ್ಬಿಣದ್ದು.”

ನನಗೂ ಸಿಟ್ಟು ಬಂತು. ಕಪ್ಪೆ ಮಾತಾಡಬಹುದು, ರಾಟೆ ಮಾತಾಡಬಹುದು, ಮದುವೆ ಮಾತ್ರ ಆಗಬಾರದು. ಇದ್ಯಾವ ನ್ಯಾಯ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಎಲ್ಲವನ್ನೂ ಹೊಡೆದುಹಾಕಿ ಈ ಸಲ ನೀತಿ ಬರೆದೆ. ‘ಆದ್ದರಿಂದ ಮಕ್ಕಳೇ, ಸುಳ್ಳು ಹೇಳಬಾರದು.’ ಹೆಂಡತಿಗೆ ಓದಿ ತೋರಿಸಿದೆ. ಅವಳು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದವಳು ತಲೆ ಎತ್ತದೆ ಕೇಳಿದಳು, “ಸುಳ್ಳು ಹೇಳಿದವರು ಯಾರು ಇದರಾಗ?”

ನೋಡಿದೆ. ಆ ಕತೆಯಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ಆಮೇಲೆ ಅಳಿಯಂದಿರು ಕೈ ಹಾಕಿದರು. ಮೈಸೂರು ಕಡೆಯವರು, ಬಹಳ ಒಳ್ಳೆಯವರು, ನನ್ನ ಬರಹವನ್ನೆಲ್ಲ ರವಿವಾರ ಕೂತು ಕಂಪ್ಯೂಟರಿನಲ್ಲಿ ಕನ್ನಡ ಅಚ್ಚು ಮಾಡಿದವರೇ ಅವರು. ಆದರೆ ಅವರಿಗೆ ಯಾವ ಕೆಲಸ ಕೊಟ್ಟರೂ ಮೊದಲು ಒಂದು ಪಟ್ಟಿ ಬೇಕು. ಹನ್ನೆರಡು ಸಾಲು, ಮೂರು ಮನೆ. ಆರಂಭ, ನಡು, ಕೊನೆ. ಮೊದಲೆರಡು ಮನೆಗೆ ಹಸಿರು, ಮೂರನೆಯದಕ್ಕೆ ಕೆಂಪು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಹಾಲು ತೆಗೆಯಲು ಹೋದಾಗಲೆಲ್ಲ ಹನ್ನೆರಡು ಕೆಂಪು ನನ್ನನ್ನು ನೋಡುತ್ತಿದ್ದವು.

“ಮಾವ, ವಾರಕ್ಕೆ ಎರಡು ಅಂತ ಇಟ್ಕೊಂಡ್ರೆ ದಸರಾಕ್ಕೆ ಮುಗಿದುಹೋಗತ್ತೆ” ಎನ್ನುತ್ತಿದ್ದರು.

ಎರಡು ವಾರ ಹೋಯಿತು, ಒಂದೂ ಬರಲಿಲ್ಲ. ಒಂದು ಸಂಜೆ ನೋಡಿದರೆ ಮೊಮ್ಮಗಳು ಕುರ್ಚಿ ಹತ್ತಿ ನಿಂತು, ತನ್ನ ಬಣ್ಣದ ಕಡ್ಡಿಯಿಂದ ಆ ಕೆಂಪು ಮನೆಗಳ ಮೇಲೆಲ್ಲ ಹಳದಿ ಬಳಿಯುತ್ತಿದ್ದಾಳೆ. “ಮುತ್ಯಾ, ಅಯಿಪೋಯಿಂದಿ” ಎಂದಳು ತೆಲುಗಿನಲ್ಲಿ. ಮುಗಿದುಹೋಯಿತಂತೆ. ಇಡೀ ಮನೆಯಲ್ಲಿ ನನ್ನ ಕಷ್ಟ ತಿಳಿದವಳು ಅವಳೊಬ್ಬಳೇ. ಎತ್ತಿಕೊಂಡು ಎರಡು ಸುತ್ತು ತಿರುಗಿಸಿದೆ, ಸೊಂಟ ಹಿಡಿದುಕೊಂಡಿತು. ಹಿಡಿಯಲಿ.

ಸೊಂಟಕ್ಕೆ ಎಣ್ಣೆ ಹಚ್ಚುತ್ತಾ ಹೆಂಡತಿ ಒಂದು ಮಾತು ಹೇಳಿದಳು. “ಇಲ್ಲದ್ದು ಹುಡುಕಿದ್ರ ಎಲ್ಲಿಂದ ಸಿಗ್ತೈತ್ರಿ?”

“ಇಲ್ಲದ್ದಲ್ಲ. ನಾ ಹೇಳೀನಿ. ನಿನ್ನ ಮಗಳಿಗೆ ಹೇಳೀನಿ, ಮೊಮ್ಮಗಳಿಗೆ ದಿನಾ ಮಧ್ಯಾಹ್ನ ಹೇಳಾಕತ್ತೀನಿ. ಹೇಳುವಾಗ ಕೊನಿತನಕ ಹೇಳ್ತೀನಿ. ಕೂಸು ಮಲಕ್ಕೊಂಡ ಮ್ಯಾಲೂ ಹೇಳ್ತೀನಿ.”

ಅವಳು ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಅದನ್ನು ನಾನು ಆಗ ಗಮನಿಸಬೇಕಿತ್ತು.

ನನ್ನ ಮಾತು ಅಳಿಯಂದಿರ ಕಿವಿಗೆ ಬಿತ್ತು. “ಹಾಗಿದ್ರೆ ಸುಲಭ ಮಾವ. ಪಾಪುಗೆ ಹೇಳುವಾಗಲೇ ರೆಕಾರ್ಡ್ ಮಾಡಿಬಿಡೋಣ” ಎಂದರು. ಮರುದಿನವೇ ಒಂದು ಟೇಪ್ ರೆಕಾರ್ಡರು, ಹೊಸ ಕ್ಯಾಸೆಟ್ಟು ಬಂತು. ಒಂದು ಮಗ್ಗುಲು ಅರ್ಧ ತಾಸು. ಕೆಂಪು ಗುಂಡಿಯನ್ನೂ ಪಕ್ಕದ ಗುಂಡಿಯನ್ನೂ ಕೂಡಿಯೇ ಒತ್ತಬೇಕು. ಮೊದಲ ದಿನ ಒಂದೇ ಒತ್ತಿದೆ, ಏನೂ ಬರಲಿಲ್ಲ. ಎರಡನೇ ದಿನ ಎರಡೂ ಒತ್ತಿದೆ, ಮೊಮ್ಮಗಳು ಮೈಕಿನ ತೂತಿಗೆ ಬಾಯಿ ಇಟ್ಟು ಅರ್ಧ ತಾಸು ‘ಹಲೋ ಹಲೋ’ ಎಂದಳು. ಆ ಕ್ಯಾಸೆಟ್ಟನ್ನು ಅಳಿಸಲು ನಾನು ಬಿಡಲಿಲ್ಲ, ಈಗಲೂ ಇದೆ. ಮೂರನೇ ದಿನ ಯಂತ್ರವನ್ನು ಕಪಾಟಿನ ಮೇಲೆ, ಅವಳ ಕೈಗೆ ಸಿಗದ ಹಾಗೆ ಇಟ್ಟು, ಹಾಸಿಗೆಯಲ್ಲಿ ಅವಳ ಪಕ್ಕ ಒರಗಿ ಶುರು ಮಾಡಿದೆ. ಹೇಳಿದ್ದು ಬಟ್ಟಲ ಮುದುಕಿಯ ಕತೆ. ನನ್ನ ಹನ್ನೆರಡರಲ್ಲಿ ಅದೇ ಹಳೆಯದು, ಮಗಳಿಗೂ ಎಲ್ಲಕ್ಕಿಂತ ಹೆಚ್ಚು ಹೇಳಿದ್ದು ಅದನ್ನೇ.

ಆ ಕತೆ ಇಷ್ಟು. ಒಬ್ಬ ಮುದುಕಿ ಪಕ್ಕದ ಮನೆಯಿಂದ ಒಂದು ಬಟ್ಟಲು ಬೆಲ್ಲ ಕಡ ತಂದಿರುತ್ತಾಳೆ. ಬಟ್ಟಲು ತಿರುಗಿ ಕೊಡಬೇಕು. ನಮ್ಮಲ್ಲಿ ಯಾರ ಮನೆಯ ಪಾತ್ರೆಯನ್ನೂ ಖಾಲಿ ತಿರುಗಿ ಕೊಡುವುದಿಲ್ಲ, ಒಂದು ಹಿಡಿ ಏನಾದರೂ ಹಾಕಿಯೇ ಕೊಡಬೇಕು. ಮುದುಕಿಯ ಮನೆಯಲ್ಲಿ ಏನೂ ಇಲ್ಲ. ಬಟ್ಟಲು ಹಿಡಿದು ಹೊರಡುತ್ತಾಳೆ. ಬಾವಿ ನೀರು ಕೊಡುತ್ತದೆ, ಬಟ್ಟಲಿಗೆ ಸೀಳು, ಸೋರಿಹೋಗುತ್ತದೆ. ಸೂರ್ಯ ಬಿಸಿಲು ಹಾಕುತ್ತಾನೆ, ಸಂಜೆಗೆ ಅದೂ ಹೋಗುತ್ತದೆ. ಹಕ್ಕಿ ಒಂದು ಹಾಡು ಹಾಕುತ್ತದೆ, ಅದು ನಿಲ್ಲುವುದಿಲ್ಲ. ಕಡೆಗೆ ಖಾಲಿ ಬಟ್ಟಲನ್ನೇ ಹಿಡಿದು ಪಕ್ಕದ ಮನೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ಒಳಗಿನಿಂದ ಚಿಲಕದ ಸಪ್ಪಳ ಆಗುತ್ತದೆ.

ಅಲ್ಲಿಂದ ಮುಂದೆ ಏನು ಎನ್ನುವುದೇ ಪ್ರಶ್ನೆ.

ರವಿವಾರ ಮುಂಜಾನೆ ಚಹಾ ಕುಡಿಯುತ್ತಾ ಎಲ್ಲರೂ ಕೂತು ಕ್ಯಾಸೆಟ್ಟು ಹಾಕಿದೆವು. ಅಳಿಯಂದಿರು ಹಾಳೆ, ಪೆನ್ನು ಹಿಡಿದು ತಯಾರಾಗಿದ್ದರು. ನನ್ನ ದನಿ ಕೇಳಿ ನನಗೇ ಹೆಮ್ಮೆ ಎನಿಸಿತು. ಬಾವಿ ಬಂತು, ಸೂರ್ಯ ಬಂದ, ಹಕ್ಕಿ ಬಂತು. ಹಕ್ಕಿಯ ಹತ್ತಿರ ದನಿ ಸ್ವಲ್ಪ ನಿಧಾನವಾಯಿತು. ಮಗು ಮಲಗಲಿ ಎಂದು ಹಾಗೆ ಹೇಳುತ್ತೇನೆ ಎಂದು ವಿವರಿಸಿದೆ. ‘ಬಾಗಲಾ... ಚಿಲಕಾ... ಸಪ್ಪಳಾ...’ ಎಂದಿತು ಟೇಪು. ಸುಮ್ಮನಾಯಿತು. ಅಳಿಯಂದಿರು ಪೆನ್ನು ಹಾಳೆಗೆ ಊರಿದರು.

ಆಗ ಗೊರಕೆ ಕೇಳಿಸಿತು.

ದೊಡ್ಡ ಗೊರಕೆ. ಮಿಲ್ಲು ಶುರುವಾದ ಹಾಗೆ. ಅದರ ನಡುವೆ ಮೊಮ್ಮಗಳ ಪಿಸುಮಾತು, ಪೂರ್ತಿ ಎಚ್ಚರದ ದನಿ. “ಆಯೀ, ಮುತ್ಯಾ ಮಲಕ್ಕೊಂಡ.”

ಬಾಗಿಲ ಕಡೆಯಿಂದ ನನ್ನ ಹೆಂಡತಿಯ ದನಿ. “ಎಬ್ಬಿಸಬ್ಯಾಡ. ನೀನೂ ಕಣ್ಣು ಮುಚ್ಚು.”

“ನನಗ ನಿದ್ದಿ ಬಂದಿಲ್ಲ.”

“ಸುಮ್ಮನ ಮುಚ್ಚು. ಎದ್ದಾಗ ನೀ ಮಲಗಿದ್ರ ಮುತ್ಯಾಗ ಖುಷಿ ಆಗ್ತೈತಿ. ನಿಮ್ಮವ್ವನೂ ಹಂಗ ಮಾಡ್ತಿದ್ಲು.”

ಅಳಿಯಂದಿರು ನಗು ತಡೆಯಲು ಹೋಗಿ ಚಹಾ ಚೆಲ್ಲಿಕೊಂಡರು. ಮೊಮ್ಮಗಳು ತನ್ನ ದನಿ ಬಂತೆಂದು ಚಪ್ಪಾಳೆ ತಟ್ಟಿದಳು. ಮಗಳು ನೆಲ ನೋಡುತ್ತಿದ್ದಳು. ನಾನು ಹೆಂಡತಿಯನ್ನು ನೋಡಿದೆ.

“ಎಷ್ಟು ವರ್ಷದಿಂದ?” ಎಂದೆ.

“ಏನು ಎಷ್ಟು ವರ್ಷ?”

“ಈ ನಾಟಕ.”

“ನಾಟಕ ಅಂತ ಯಾಕ ಅಂತೀರಿ. ಹತ್ತು ತಾಸು ನಿಂತು ಬಂದವರು ಕುಂತ ಕೂಡ್ಲೆ ಮಲಗ್ತಿದ್ರಿ. ಕೂಸಿನ ಜೋಳಿಗಿ ಹಗ್ಗ ಕೈಯಾಗ, ತೆಲಿ ಗ್ವಾಡಿಗೆ. ಹೇಳಿ ಏನು ಮಾಡೂದಿತ್ತು?”

ಎದ್ದು ಹಿಂದಿನ ಬಾಲ್ಕನಿಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಮಷಿನ್ನು ಖಾಲಿ ಇತ್ತು, ತಿರುಗಿಸಲಿಲ್ಲ. ಮೂವತ್ತು ವರ್ಷ ನಾನು ಮಕ್ಕಳನ್ನು ಮಲಗಿಸುತ್ತೇನೆ ಎಂದು ತಿಳಿದುಕೊಂಡು ಊರೆಲ್ಲ ಹೇಳಿಕೊಂಡು ಬಂದವನು. ನೋಡಿದರೆ ಅವರು ನನ್ನನ್ನು ಮಲಗಿಸಿದ್ದಾರೆ. ಕೊನೆ ಮರೆತಿರಲಿಲ್ಲ, ಅದು ಹುಟ್ಟಿಯೇ ಇರಲಿಲ್ಲ. ಸಂಪಾದಕರಿಗೆ ಏನೆಂದು ಹೇಳುವುದು? ‘ಲೇಖಕರು ಮಲಗಿದ್ದರು’ ಎಂದೇ? ಪುಸ್ತಕ ಆಯಿತು, ಮುಗಿಯಿತು ಎಂದುಕೊಂಡೆ. ಪದ್ಯದವರದೇ ಬರಲಿ.

ಮಗಳು ಬಂದು ಬಾಗಿಲಿಗೆ ಒರಗಿ ನಿಂತಳು.

“ಅಪ್ಪಾ, ಸಿಟ್ಟಾದ್ರೇನು?”

“ಒಂದರೆ ಕತಿ ನಾ ಮುಗಿಸಿದ್ದು ಐತೇನು? ಖರೇ ಹೇಳು.”

ಅವಳು ವಿಚಾರ ಮಾಡಿದಳು. “ಒಂದ ಸಲ ಹಬ್ಬಕ್ಕ ಮಿಲ್ಲು ಬಂದ್ ಇತ್ತು. ಅವತ್ತು ನೀವು ಮಲಗಲಿಲ್ಲ.”

“ಮತ್ತ?”

“ಅವತ್ತು ನಾ ಮಲಗಿಬಿಟ್ಟೆ.”

ಸ್ಟೂಲನ್ನು ಅವಳ ಕಡೆ ತಿರುಗಿಸಿಕೊಂಡೆ.

“ಮರುದಿನ ಮುಂಜಾನಿ ಕೇಳಬಾರದೇನವ್ವಾ, ಮುದುಕಿ ಏನಾದ್ಲಪ್ಪಾ ಅಂತ?”

“ಮುಂಜಾನಿ ನೀವು ಎಲ್ಲಿ ಇರ್ತಿದ್ರಿ? ನಾ ಏಳೂದ್ರಾಗ ಮಿಲ್ಲಿಗೆ ಹೋಗಿರ್ತಿದ್ರಿ.”

ಅಷ್ಟು ಹೇಳಿ ಒಳಗೆ ಹೋದಳು. ನಾನು ಅಲ್ಲೇ ಕೂತಿದ್ದೆ. ಅವಳ ಆ ಮಾತು ತಲೆಯಲ್ಲಿ ತಿರುಗುತ್ತಲೇ ಇತ್ತು. ಆಗ ಮುಂಜಾನೆ ನಾನು ಹೋಗುತ್ತಿದ್ದೆ, ಅವಳು ಮಲಗಿರುತ್ತಿದ್ದಳು. ಈಗ ಮುಂಜಾನೆ ಹೋಗುವವಳು ಅವಳು, ಇರುವವನು ನಾನು. ಕ್ಯಾಬಿಗಾಗಿ ಗೇಟಿನಲ್ಲಿ ಹತ್ತು ನಿಮಿಷವೋ ಕಾಲು ತಾಸೋ ಒಬ್ಬಳೇ ನಿಂತಿರುತ್ತಾಳೆ. ನಿಂತಿರುತ್ತಾಳೆ, ಕೂತಿರುವುದಿಲ್ಲ. ಮಿಲ್ಲಿನಲ್ಲಿ ನಾನು ಎಂದಾದರೂ ನಿಂತು ಮಲಗಿದ್ದೆನೇ? ಇಲ್ಲ. ನಿಂತಾಗ ನನಗೆ ನಿದ್ದೆ ಬಂದದ್ದಿಲ್ಲ.

ಇನ್ನು ಮೇಲೆ ಕತೆ ಒರಗಿಕೊಂಡು ಹೇಳುವುದಿಲ್ಲ, ನಿಂತೇ ಹೇಳುತ್ತೇನೆ ಎಂದು ನಿಶ್ಚಯ ಮಾಡಿದೆ. ಕೊನೆಗಳು ಮೊದಲು ಯಾರಿಗೆ ಸಲ್ಲಬೇಕೋ ಅವಳಿಗೇ, ಮಗಳಿಗೇ ಹೇಳುತ್ತೇನೆ.

ಕೆಲಸದ ಕ್ರಮ ಹೀಗೆ ಮಾಡಿಕೊಂಡೆ. ಹಿಂದಿನ ದಿನ ಬಟ್ಟೆ ಮಷಿನ್ನು ತಿರುಗುವಾಗ, ಅಂದರೆ ನಲವತ್ತು ನಿಮಿಷ, ಕೊನೆಯೊಂದನ್ನು ಹುಡುಕುವುದು. ಬರೆಯುವಂತಿಲ್ಲ, ಬಾಯಲ್ಲೇ ಇಟ್ಟುಕೊಳ್ಳುವುದು. ಮರುದಿನ ಮುಂಜಾನೆ ಮಗಳ ಜೊತೆ ಗೇಟಿಗೆ ಇಳಿದು ನಿಂತು ಹೇಳುವುದು. ಕ್ಯಾಬು ಹೋದ ಮೇಲೆ ಮೇಲೆ ಬಂದು, ಚಹಾ ಕುಡಿಯುವ ಮೊದಲೇ, ಹೇಳಿದ್ದನ್ನು ಹೇಳಿದ ಹಾಗೇ ನೋಟ್‌ಬುಕ್ಕಿಗೆ ಇಳಿಸುವುದು. ಚಹಾ ಕುಡಿದರೆ ಹೋಯಿತು, ಹೆಂಡತಿ ಮಾತಿಗೆ ಹಚ್ಚುತ್ತಾಳೆ.

ಕೊನೆ ಸರಿಯಾಯಿತೇ ಇಲ್ಲವೇ ಎನ್ನುವುದಕ್ಕೆ ನನಗೊಂದು ಗುರುತು ಸಿಕ್ಕಿತು. ಮಗಳು ಕೈಗಡಿಯಾರ ನೋಡಿದರೆ ಅದು ಸುಮಾರು. ರಸ್ತೆಯ ಕಡೆ ನೋಡಿದರೆ ಕೆಟ್ಟದ್ದು. ಕ್ಯಾಬು ಬಂದದ್ದೇ ಗೊತ್ತಾಗದೆ ಡ್ರೈವರು ಹಾರ್ನು ಹೊಡೆದರೆ ಅದನ್ನು ಬರೆದಿಡಬಹುದು.

ಮೊದಲ ದಿನ ಇಲಿಯ ಕತೆ ತೆಗೆದೆ. ‘ಇಲಿ’ ಎನ್ನುವಷ್ಟರಲ್ಲಿ ಕ್ಯಾಬು ಬಂತು. ದಿನಾ ತಡವಾಗಿ ಬರುವ ಗಾಡಿ ಅದೊಂದು ದಿನ ಸರಿಯಾದ ವೇಳೆಗೆ ಬಂದಿತ್ತು. ಎರಡನೇ ದಿನ ಹೇಳಿ ಮುಗಿಸಿದೆ. ಅವಳು ರಸ್ತೆ ನೋಡಿದಳು. ಮೂರನೇ ದಿನ ಮಳೆ, ಕೊಡೆಯ ಕೆಳಗೆ ಇಬ್ಬರೂ ನಿಂತು ಅದೇ ಇಲಿಗೆ ಬೇರೆ ಕೊನೆ ಹೇಳಿದೆ. ಹಾರ್ನು ಕೇಳಿಸಿತು. ಮೇಲೆ ಬಂದು ಒದ್ದೆ ಅಂಗಿಯಲ್ಲೇ ಬರೆದೆ. ಹೆಂಡತಿ ಟವೆಲ್ಲು ತಂದು ತಲೆಯ ಮೇಲೆ ಎಸೆದು, “ಲೇಖಕರು ನೆಗಡಿ ಹಿಡ್ಕೊಂಡ್ರ ಕಷಾಯ ನಾ ಕಾಸಬೇಕು” ಎಂದಳು. ಕಾಸಿದಳು ಕೂಡ.

ಕಪ್ಪೆಯ ಕತೆ ಅರ್ಧಕ್ಕೆ ನಿಂತ ದಿನ ಬೇರೆಯದೇ ಆಯಿತು. ಕ್ಯಾಬು ಬಂತು, ಮಗಳು ಹತ್ತಿ ಹೋದಳು. ಮಧ್ಯಾಹ್ನ ಊಟದ ಹೊತ್ತಿಗೆ ಮನೆಯ ಫೋನು ಬಡಿಯಿತು. ಹಿಂದೆ ಯಾರೋ ಇಂಗ್ಲಿಷಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. ಮಗಳು ಪಿಸುದನಿಯಲ್ಲಿ ಕೇಳಿದಳು, “ಅಪ್ಪಾ, ಕಪ್ಪಿ ಬಾವಿ ಬಿಟ್ಟು ಬಂತೋ ಇಲ್ಲೋ? ಲಗೂನ ಹೇಳ್ರಿ, ಮೀಟಿಂಗ್ ಐತಿ.” ಫೋನಿನ ಹತ್ತಿರ ಕುರ್ಚಿ ಇತ್ತು. ಕೂರಲಿಲ್ಲ, ನಿಂತೇ ಹೇಳಿದೆ. ಮೂವತ್ತು ವರ್ಷಕ್ಕೆ ಮೊದಲ ಸಲ ನನ್ನ ಮಗಳು ‘ಮುಂದೇನು’ ಎಂದು ಕೇಳಿದ್ದಳು. ಸಂಪಾದಕರು ಬರೆದದ್ದೂ ಅದೇ ಪ್ರಶ್ನೆಯಲ್ಲವೇ, ಅದಕ್ಕೆ ಇಷ್ಟು ದಿನ ಯಾಕೆ ಅಷ್ಟು ಸಿಟ್ಟು ಮಾಡಿಕೊಂಡೆ ಎನಿಸಿತು.

ಹೀಗೆ ಹನ್ನೊಂದು ಆದವು. ಎಲ್ಲವೂ ಸುಸೂತ್ರ ಎಂದು ತಿಳಿಯಬೇಡಿ. ಕಸಬರಿಗೆಯ ಕತೆಗೆ ಐದು ಕೊನೆ ಹೇಳಿದೆ, ಐದಕ್ಕೂ ಅವಳು ಗಡಿಯಾರ ನೋಡಿದಳು. ಕಡೆಗೆ ಆ ಕತೆಯ ನಡುವಿನಲ್ಲೇ ತಪ್ಪು ಇದೆ ಎಂದು ತಿಳಿದು, ನಡುವನ್ನೇ ಕಿತ್ತುಹಾಕಿದೆ. ಅಳಿಯಂದಿರು ಕಂಪ್ಯೂಟರಿನಲ್ಲಿ ಮತ್ತೆ ಎಲ್ಲ ಬಡಿಯಬೇಕಾಯಿತು. ಫ್ರಿಜ್ಜಿನ ಮೇಲೆ ಹಸಿರಾಗಿದ್ದ ಮನೆಯೊಂದನ್ನು ಮತ್ತೆ ಕೆಂಪು ಮಾಡುವಾಗ ಅವರ ಮುಖ ನೋಡುವಂತಿರಲಿಲ್ಲ. “ಮಾವ, ಮುಗಿದದ್ದನ್ನ ಹೀಗೆ ಬಿಚ್ಚಬಾರದು” ಎಂದರು. ನಾನು ಅವರಿಗೆ, ಹತ್ತಿ ಸರಿ ಬಿಡಿಸದಿದ್ದರೆ ನೂಲು ಎಲ್ಲಿಂದ ಬರ್ತೈತ್ರಿ ಎಂದೆ. ಅವರು ಹತ್ತಿ ನೋಡಿದವರಲ್ಲ, ಒಪ್ಪಿಕೊಂಡರು.

ಉಳಿದದ್ದು ಬಟ್ಟಲ ಮುದುಕಿ. ಅದನ್ನು ಬೇಕೆಂದೇ ಹಿಂದೆ ಹಾಕುತ್ತಾ ಬಂದಿದ್ದೆ. ದಸರಾ ರಜೆ ಶುರುವಾಗಲು ಎರಡು ದಿನ ಇತ್ತು. ಮಷಿನ್ನು ಮೂರು ಸಲ ತಿರುಗಿತು, ಹೆಂಡತಿ ಪರದೆಗಳನ್ನೂ ಬಿಚ್ಚಿ ಕೊಟ್ಟಳು, ಚಿಲಕದ ಸಪ್ಪಳದಿಂದ ಮುಂದೆ ಹೋಗಲಾಗಲಿಲ್ಲ. ಬಟ್ಟಲಲ್ಲಿ ಏನು ಹಾಕಿದರೂ ಸುಳ್ಳೆನಿಸುತ್ತಿತ್ತು. ಬಂಗಾರ ಹಾಕಿ ನೋಡಿದೆ, ಮುತ್ತು ಹಾಕಿ ನೋಡಿದೆ, ಕಣ್ಣೀರನ್ನೂ ಹಾಕಿದೆ. ಕಣ್ಣೀರಿಗೆ ನನಗೇ ನಾಚಿಕೆಯಾಯಿತು.

ಆ ಮುಂಜಾನೆ ಕೊನೆ ಇಲ್ಲದೆಯೇ ಗೇಟಿಗೆ ಇಳಿದೆ. ಹೇಳುತ್ತಾ ಹೋದರೆ ಬಂದರೂ ಬಂದೀತು ಎಂದು ಮೊದಲಿನಿಂದ ಶುರು ಮಾಡಿದೆ. ಬಾವಿ, ಸೂರ್ಯ, ಹಕ್ಕಿ. ಮಗಳು ಕೈಚೀಲ ಎದೆಗೆ ಒತ್ತಿಕೊಂಡು, ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಜೋಳಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿದ ಹಾಗೆ ಮಾಡುತ್ತಿದ್ದ ಮಗು ಇದೇ ಅಲ್ಲವೇ ಎನಿಸಿತು. ಕೊನೆಯವರೆಗೂ ಹೇಳಿದೆ ಎಂದು ನಾನು ತಿಳಿದಿದ್ದೆ, ಕೊನೆಯವರೆಗೂ ಕೇಳಿ ಮಲಗಿದ ಹಾಗೆ ಮಗು ಸುಮ್ಮನಿತ್ತು.

‘ಬಾಗಿಲಲ್ಲಿ ನಿಂತಳು’ ಎನ್ನುವಾಗ ಕ್ಯಾಬು ಬಂತು. ಒಳಗೆ ನಾಲ್ಕು ಜನ, ಎಲ್ಲರ ಕೊರಳಲ್ಲೂ ಆಫೀಸಿನ ಚೀಟಿ. ಡ್ರೈವರು ಹಾರ್ನು ಹೊಡೆದು ತಲೆ ಹೊರಗೆ ಹಾಕಿ, ಸಿಗ್ನಲಿನಲ್ಲಿ ಸಿಕ್ಕಿಕೊಳ್ಳುತ್ತೇವೆ ಎಂದು ಹಿಂದಿಯಲ್ಲಿ ಅವಸರ ಮಾಡಿದ.

“ಮೇಡಂ, ಚಲೋ. ಸಿಗ್ನಲ್ ಪೇ ಫಸ್ ಜಾತೇ.”

ಮಗಳು ತಿರುಗದೆಯೇ ಕೈ ಎತ್ತಿದಳು. “ದೋ ಮಿನಿಟ್ ಭಾಯ್. ಬುಡ್ಢೀ ದರ್ವಾಜೇ ಪೇ ಖಡೀ ಹೈ.”

ಬಾಗಿಲಲ್ಲಿ ಮುದುಕಿ ನಿಂತಿದ್ದಾಳೆ ಎಂದದ್ದನ್ನು ನಂಬಿ ಡ್ರೈವರು ಎಂಜಿನ್ನು ಬಂದ್ ಮಾಡಿ, ಗೇಟಿನ ಆಚೆ ಈಚೆ ಮುದುಕಿ ಎಲ್ಲಿ ಎಂದು ನೋಡತೊಡಗಿದ. ಒಳಗಿನ ನಾಲ್ವರೂ ಕುತ್ತಿಗೆ ಚಾಚಿದರು.

“ಹೇಳ್ರಿ ಅಪ್ಪಾ. ಚಿಲಕ ತಗದ್ರು.”

“ತಗದ್ರು” ಎಂದೆ. “ಬಾಗಲಾ ತಗದಾಕಿ ಕೈಯಾಗ ಒಂದು ಜರಡಿ ಇತ್ತು. 'ಯಕ್ಕಾ, ಇದು ನಿಂದ ಜರಡಿ. ಒಯ್ದು ಆರು ತಿಂಗಳಾತು. ಇದ್ದ ಬೆಲ್ಲ ನಿನಗ ಕೊಟ್ಟ ಮ್ಯಾಲ ಇದರಾಗ ಹಾಕಿ ಕೊಡಾಕ ನಮ್ಮ ಮನ್ಯಾಗ ಏನೂ ಇದ್ದಿಲ್ಲ. ನಾಚಿಗ್ಗೆ ನಿನ್ನ ಮನಿ ಕಡೆ ಬಂದಿದ್ದಿಲ್ಲ' ಅಂದ್ಲು. ಮುದುಕಿ ತನ್ನ ಖಾಲಿ ಬಟ್ಟಲ ತೋರಿಸಿದ್ಲು. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು. ಕಟ್ಟಿ ಮ್ಯಾಲ ಕುಂತ್ರು. ಬಟ್ಟಲ, ಜರಡಿ ನಡುವ ಇಟ್ಕೊಂಡು, ಸಂಜಿತನಕ ಮಾತಾಡಿದ್ರು.”

“ಆಮ್ಯಾಲ?”

“ಅಷ್ಟ. ಮುಗೀತು.”

ಮಗಳು ಕೈಚೀಲ ಹೆಗಲಿಗೆ ಏರಿಸಿಕೊಂಡಳು. ಆಮೇಲೆ, “ನಾ ಬ್ಯಾರೆ ಅಂದ್ಕೊಂಡಿದ್ನಿ” ಎಂದಳು.

“ಏನಂತ?”

“ಬಾಗಲಾ ತಗೀಲೇ ಇಲ್ಲ ಅಂತ.”

ಕ್ಯಾಬು ಹತ್ತಿದಳು. ಡ್ರೈವರು ಇನ್ನೂ ಮುದುಕಿಯನ್ನು ಹುಡುಕುತ್ತಿದ್ದ. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಕಿಟಕಿಯಲ್ಲಿ ಅವಳು ಪಕ್ಕದವರಿಗೆ ಕೈಮಾಡಿ ಏನೋ ಹೇಳುತ್ತಿದ್ದುದು ಕಾಣುತ್ತಿತ್ತು. ಎರಡು ಕೈ ಕೂಡಿಸಿ ಬಟ್ಟಲಿನ ಹಾಗೆ ಮಾಡಿದಳು. ನಾನು ಮೆಟ್ಟಿಲು ಹತ್ತಿ ಹೋಗಿ ಚಹಾ ಮುಟ್ಟದೆ ಬರೆದೆ.

ಸಂಪಾದಕರು ಈ ಸಲ ಕೆಂಪು ಶಾಯಿ ತೆಗೆಯಲಿಲ್ಲ. ಒಂದೇ ಮಾತು ಕೇಳಿದರು. “ಮೊದಲೇ ಯಾಕೆ ಹೀಗೆ ಬರೆಯಲಿಲ್ಲ ಯಜಮಾನರೇ?” ಲೇಖಕರು ಮಲಗಿದ್ದರು ಎಂದು ಹೇಳಲು ಬಾಯಿ ಬರಲಿಲ್ಲ. “ಕ್ಯಾಬು ತಡ ಆತ್ರಿ” ಎಂದೆ. ಅವರಿಗೆ ಏನೂ ತಿಳಿಯಲಿಲ್ಲ.

ರಾಜ್ಯೋತ್ಸವದ ದಿನ ಸಂಘದ ವೇದಿಕೆಯಲ್ಲಿ ಪುಸ್ತಕ ಬಿಡುಗಡೆಯಾಯಿತು. ಮೊದಲ ಪ್ರತಿಯನ್ನು ಮೊಮ್ಮಗಳ ಕೈಗೆ ಕೊಟ್ಟೆ. ಅವಳು ಅದನ್ನು ತಲೆಕೆಳಗಾಗಿ ಹಿಡಿದು, ಅಷ್ಟು ಮಂದಿಯ ಮುಂದೆ, ಒಂದು ಪುಟ ಗಟ್ಟಿಯಾಗಿ ಓದಿದಳು. ಅದರಲ್ಲಿ ಇರದ ಕತೆ ಅದು, ಆದರೆ ಬಹಳ ಚೆನ್ನಾಗಿತ್ತು. ಆಮೇಲೆ ನನ್ನನ್ನು ಓದಲು ಕರೆದರು. ಕುರ್ಚಿ ತೋರಿಸಿದರು, ಬೇಡ ಎಂದೆ. ನಿಂತು ಬಟ್ಟಲ ಮುದುಕಿಯನ್ನು ಕೊನೆಯವರೆಗೂ ಓದಿದೆ. ಮುಗಿಸಿ ಮೊದಲ ಸಾಲಿನ ಕಡೆ ನೋಡಿದೆ. ಮೊಮ್ಮಗಳು ಪುಸ್ತಕವನ್ನು ಎದೆಗೆ ಅವುಚಿಕೊಂಡು, ಆಯಿಯ ತೊಡೆಯ ಮೇಲೆ ಕಣ್ಣು ಮುಚ್ಚಿದ್ದಳು. ನನಗೆ ಈಗ ಯಾರ ಮೇಲೂ ನಂಬಿಕೆ ಇಲ್ಲ. ಕೆಳಗಿಳಿದು ಹೋಗಿ ಅವಳ ಅಂಗಾಲು ತುರಿಸಿ ನೋಡಿದೆ.

ಅಲುಗಲಿಲ್ಲ. ಈ ಸಲ ನಿಜವಾಗಿಯೂ ಮಲಗಿದ್ದಳು. ಎಚ್ಚರ ಇದ್ದವನು ನಾನು.